ನಾವು ಇಲ್ಲಿಯವರ ಕೆಲಸ ಕಿತ್ತುಕೊಂಡೆವಾ?

ಆಫೀಸಿನಲ್ಲಿ ಯಾರೋ "ನೀವೆಲ್ಲ ಬಂದು ನಮ್ಮ ಕೆಲಸ ಕಿತ್ತುಕೊಂಡಿರಿ" ಅಂದರು, ಅದು ನಿಜವಾ ಅಂತ ಕೇಳಿದ್ದೀರಿ. ನಿಮ್ಮ ಹಾಗೆಯೇ ಹೊರದೇಶದಿಂದ ವಲಸೆ ಬಂದು ನಾನು ಇಲ್ಲಿ ನೆಲೆ ನಿಂತು ತುಂಬಾ ವರ್ಷ ಆಯಿತು, ಈ ಮಾತು ನಾನೂ ಕೇಳಿದ್ದೇನೆ. ಬಹುಪಾಲು ನಿಜವಲ್ಲ. ಹಾಗಂತ ಪೂರ್ತಿ ಸುಳ್ಳೂ ಅಲ್ಲ.

ಒಂದು ದೇಶದಲ್ಲಿ ಇಷ್ಟೇ ಕೆಲಸ ಅಂತ ಯಾರೂ ಎಣಿಸಿ ಇಟ್ಟಿರುವುದಿಲ್ಲ. ನೀವು ಬಂದ ದಿನದಿಂದ ಬಾಡಿಗೆ ಕಟ್ಟುತ್ತೀರಿ, ದಿನಸಿ ತರುತ್ತೀರಿ, ತೆರಿಗೆ ಕೊಡುತ್ತೀರಿ, ಅದರಿಂದ ಇನ್ಯಾರಿಗೋ ಕೆಲಸ ಹುಟ್ಟುತ್ತದೆ. 1980ರಲ್ಲಿ ಕ್ಯೂಬಾದಿಂದ ಸುಮಾರು 1,25,000 ಜನ ಕೆಲವೇ ತಿಂಗಳಲ್ಲಿ ಅಮೆರಿಕಕ್ಕೆ ಬಂದರು. ಅಲ್ಲಿನ ಮಯಾಮಿ ನಗರದಲ್ಲಿ ದುಡಿಯುವ ಕೈಗಳು ಏಕಾಏಕಿ ಶೇ. 7ರಷ್ಟು ಜಾಸ್ತಿಯಾದವು. ಅರ್ಥಶಾಸ್ತ್ರಜ್ಞ ಡೇವಿಡ್ ಕಾರ್ಡ್ 1990ರಲ್ಲಿ ಲೆಕ್ಕ ಹಾಕಿ ನೋಡಿದರೆ ಅಲ್ಲಿಯವರ ಕೂಲಿಗೂ ಕೆಲಸಕ್ಕೂ ಹೇಳಿಕೊಳ್ಳುವಂಥ ಪೆಟ್ಟು ಬಿದ್ದಿರಲಿಲ್ಲ. ಮುಂದೆ ಇನ್ನೊಬ್ಬ ಅರ್ಥಶಾಸ್ತ್ರಜ್ಞ ಜಾರ್ಜ್ ಬೋರ್ಹಾಸ್ ಅದೇ ಲೆಕ್ಕ ತೆಗೆದು, ಹೈಸ್ಕೂಲು ಮುಗಿಸದ ಗಂಡಸರ ಕೂಲಿ ಚೆನ್ನಾಗಿಯೇ ಇಳಿದಿತ್ತು ಅಂದರು. ಬೋರ್ಹಾಸ್ ಕೂಡ ಕ್ಯೂಬಾದಿಂದ ಬಂದವರೇ. ಆ ವಾದ ಇನ್ನೂ ಮುಗಿದಿಲ್ಲ.

ಹೊರಗಿನವರನ್ನು ತಡೆದರೆ ಇಲ್ಲಿಯವರ ಕೂಲಿ ತಾನಾಗಿ ಏರುತ್ತದೆ ಅನ್ನುವುದನ್ನೂ ನಾನು ನಂಬುವುದಿಲ್ಲ. ಮೆಕ್ಸಿಕೋದಿಂದ ಹೊಲದ ಕೆಲಸಕ್ಕೆ ಜನರನ್ನು ಕರೆಸುತ್ತಿದ್ದ ಬ್ರಸೇರೊ ಯೋಜನೆಯನ್ನು ಅಮೆರಿಕ 1964ರ ಕೊನೆಗೆ ನಿಲ್ಲಿಸಿತು. ಟೊಮೆಟೊ ಬೆಳೆಯುವವರು ಕೂಲಿ ಏರಿಸುವ ಬದಲು ಕೊಯ್ಯುವ ಯಂತ್ರ ತಂದುಬಿಟ್ಟರು.

ಆದರೆ ನಿಮಗೆ ಹಾಗಂದವರ ಮಾತಿನಲ್ಲೂ ಒಂದು ನೋವು ಇದೆ, ಅದನ್ನು ತಳ್ಳಿಹಾಕಬೇಡಿ. ದೇಶಕ್ಕೆ ಒಟ್ಟಾರೆ ಲಾಭ ಆಗಬಹುದು, ಆದರೆ ಒಂದೇ ಥರದ ಕೆಲಸಕ್ಕೆ ಪೈಪೋಟಿ ಬಿದ್ದವನಿಗೆ ಆ ಲಾಭ ತಲುಪುವುದಿಲ್ಲ ಅಲ್ವಾ? ಅಂಥವರಲ್ಲಿ ಎಷ್ಟೋ ಸಲ ಮೊದಲಿರುತ್ತಾರೆ ನಮಗಿಂತ ಸ್ವಲ್ಪ ಮುಂಚೆ ವಲಸೆ ಬಂದವರು. ಜನ ಬೇಗ ಬರುತ್ತಾರೆ, ಮನೆಗಳು ಅಷ್ಟು ಬೇಗ ಏಳುವುದಿಲ್ಲ, ಬಾಡಿಗೆ ಏರುತ್ತದೆ.

ನನಗೆ ನಿಜಕ್ಕೂ ಸಿಟ್ಟು ಬರುವುದು ವೀಸಾದ ವಿಚಾರಕ್ಕೆ. ಕೆಲಸ ಬಿಟ್ಟರೆ ದೇಶವನ್ನೇ ಬಿಡಬೇಕು ಅನ್ನುವ ಹೆದರಿಕೆಯಲ್ಲಿ ಇರುವವರು ಕಡಿಮೆ ಸಂಬಳಕ್ಕೂ ತಲೆಯಾಡಿಸುತ್ತಾರೆ, ಆಮೇಲೆ ಪಕ್ಕದಲ್ಲಿ ಕೂತಿರುವ ಇಲ್ಲಿಯವರು ಸಂಬಳ ಜಾಸ್ತಿ ಕೇಳುವುದೂ ಕಷ್ಟವಾಗುತ್ತದೆ. ಹಾಗಾಗಿ ನಿಮ್ಮ ಕೆಲಸಕ್ಕೆ ಇಲ್ಲಿ ಎಷ್ಟು ಕೊಡುತ್ತಾರೆ ಅಂತ ಮೊದಲು ವಿಚಾರಿಸಿ, ಸಂಕೋಚ ಬಿಟ್ಟು ಅಷ್ಟನ್ನೇ ಕೇಳಿ. ನಿಮಗೆ ಆ ಮಾತು ಹೇಳಿದವರ ಹತ್ತಿರವೇ ವಿಚಾರಿಸಿದರೂ ಸರಿ.