ಸ್ಪಾಕ್ ಇಂಧನ ಸುಟ್ಟಿದ್ದು ಸರಿಯೇ

ಬಾಹ್ಯಾಕಾಶ ಧಾರಾವಾಹಿ ಸ್ಟಾರ್ ಟ್ರೆಕ್‌ನ ‘ದಿ ಗೆಲಿಲಿಯೋ ಸೆವೆನ್’ (1967) ಕಂತಿನ ಕೊನೆಯಲ್ಲಿ, ತರ್ಕವನ್ನೇ ನಂಬುವ ಅಧಿಕಾರಿ ಸ್ಪಾಕ್ ಉಳಿದ ಇಂಧನವನ್ನೆಲ್ಲ ಒಮ್ಮೆಲೇ ಸುಟ್ಟಿದ್ದು ಹುಚ್ಚುತನ ಅಲ್ವಾ ಅಂತ ಕೇಳಿದ್ದೀರಿ. ನನಗೆ ಹಾಗೆ ಅನ್ನಿಸುವುದಿಲ್ಲ.

ಆ ಹೊತ್ತಿನ ಸ್ಥಿತಿ ನೋಡಿ. ಅಪರಿಚಿತ ಗ್ರಹವೊಂದರಲ್ಲಿ ಸಿಕ್ಕಿಬಿದ್ದಿದ್ದ ಅವರ ಪುಟ್ಟ ನೌಕೆ ಗೆಲಿಲಿಯೋದ ಇಂಧನ ಮೊದಲೇ ಸೋರಿಹೋಗಿತ್ತು. ಎಂಜಿನಿಯರ್ ಸ್ಕಾಟಿ ಎಲ್ಲರ ಫೇಸರ್‌ಗಳ (ಕಿರಣ ಹಾರಿಸುವ ಬಂದೂಕುಗಳ) ಶಕ್ತಿಯನ್ನು ಅದಕ್ಕೆ ಹರಿಸಿ ಹೇಗೋ ಮೇಲೆಬ್ಬಿಸಿದ್ದ. ಎಂಥ ಕೈಚಳಕ! ಆದರೆ ಕಕ್ಷೆಯಲ್ಲಿ ಸ್ವಲ್ಪ ಹೊತ್ತು ಸುತ್ತಬಹುದಿತ್ತು, ಅಷ್ಟೆ. ಆಮೇಲೆ ಬಿದ್ದು ಉರಿದುಹೋಗುವುದೇ. ಅತ್ತ ಅವರ ಮಾತೃನೌಕೆ ಎಂಟರ್‌ಪ್ರೈಸ್ ಬೇರೆಡೆಗೆ ಔಷಧಿ ತಲುಪಿಸಲು ಹೊರಟೇಬಿಟ್ಟಿತ್ತು. ಮುರಾಸಾಕಿ 312 ಎಂಬ ಬಾಹ್ಯಾಕಾಶ ವಿದ್ಯಮಾನದ ಕಾಟದಿಂದ ಅದರ ಸೆನ್ಸರ್‌ಗಳೂ ಕೈಕೊಟ್ಟಿದ್ದವು. ಉಳಿದದ್ದು ಒಂದೇ ದಾರಿ, ಕಣ್ಣಿಗೆ ಬೀಳುವುದು. ಇಂಧನ ಉಳಿಸಿಕೊಂಡಿದ್ದರೆ ಸಾವು ಸ್ವಲ್ಪ ಮುಂದೆ ಹೋಗುತ್ತಿತ್ತು, ತಪ್ಪುತ್ತಿರಲಿಲ್ಲ.

ಎಂಟರ್‌ಪ್ರೈಸ್‌ನ ಕ್ಯಾಪ್ಟನ್ ಕಿರ್ಕ್ ಬೇಕಂತಲೇ ನಿಧಾನವಾಗಿ ಹೊರಟಿದ್ದ. ಅದು ಸ್ಪಾಕ್‌ಗೆ ಗೊತ್ತಿರಲಿಲ್ಲ. ಎಂಟರ್‌ಪ್ರೈಸ್‌ನ ಪರದೆಯ ಮೇಲೆ ಉರಿಯುವ ಇಂಧನದ ಆ ಬೆಳಕಿನ ಗೆರೆ ಮೂಡುವಾಗ ಈಗಲೂ ನನ್ನ ಎದೆ ಹೊಡೆದುಕೊಳ್ಳುತ್ತದೆ.

ನನಗೆ ತಪ್ಪು ಕಾಣುವುದು ಅದಕ್ಕೂ ಮುಂಚೆ. ಹೆದರಿಸಿದರೆ ಆ ಗ್ರಹದಲ್ಲಿದ್ದ ದೈತ್ಯರು ದೂರ ಇರುತ್ತಾರೆ ಎಂದು ಸ್ಪಾಕ್ ಲೆಕ್ಕ ಹಾಕಿದ. ಅವರು ಸಿಟ್ಟಿಗೆದ್ದರು, ಸ್ಪಾಕ್‌ನ ತಂಡದ ಗಯೆಟಾನೊ ಸತ್ತ. ಕೊಲ್ಲಬಾರದು ಎಂಬ ಸ್ಪಾಕ್‌ನ ಮನಸ್ಸು ಒಳ್ಳೆಯದೇ. ಆದರೆ ಎದುರಿನವರೂ ತನ್ನಂತೆಯೇ ಯೋಚಿಸುತ್ತಾರೆ ಅಂದುಕೊಂಡ ನೋಡಿ, ಅಲ್ಲೇ ಎಡವಿದ್ದು.