ಬೆನ್ನುಮೂಳೆಯಲ್ಲಿ ಗಡ್ಡೆಯಂತೆ, ಆಪರೇಷನ್ ಬೇಕಾ?

ಪ್ರಶ್ನೆ: ಅಮ್ಮನಿಗೆ 54 ವರ್ಷ. ಅಡಿಕೆ ಸುಲಿಯಲು ಕೂತರೆ ಅರ್ಧ ಗಂಟೆಯಲ್ಲಿ ಸೊಂಟ ಹಿಡಿಯುತ್ತದೆ, ಎದ್ದು ನಾಲ್ಕು ಹೆಜ್ಜೆ ನಡೆದರೆ ಕಡಿಮೆಯಾಗುತ್ತದೆ. ಮಂಗಳೂರಿನಲ್ಲಿ ಎಂಆರ್‌ಐ ಮಾಡಿಸಿದೆವು. ಸೊಂಟದ ಎರಡನೇ ಮೂಳೆಯಲ್ಲಿ ‘ಹೆಮಾಂಜಿಯೋಮಾ’ ಅಂತ ಬಂದಿದೆ. ಗಡ್ಡೆ ಅಂದ ಕೂಡಲೇ ಮನೆಯಲ್ಲಿ ಯಾರಿಗೂ ಊಟ ಸೇರುತ್ತಿಲ್ಲ ಡಾಕ್ಟ್ರೇ.
- ಓದುಗರು, ಬದಿಯಡ್ಕ

ಉತ್ತರ: ಮೊದಲು ಎಲ್ಲರೂ ಊಟ ಮಾಡಿ. ಹೆಮಾಂಜಿಯೋಮಾ ಕ್ಯಾನ್ಸರ್ ಅಲ್ಲ. ಮೂಳೆಯೊಳಗೆ ಸಣ್ಣ ಸಣ್ಣ ರಕ್ತನಾಳಗಳು ಗುಂಪಾಗಿ ಬೆಳೆದಿರುತ್ತವೆ, ನಡುವೆ ಒಂದಿಷ್ಟು ಕೊಬ್ಬು, ಅಷ್ಟೇ. ಸುಮಾರು ಹತ್ತು ಜನರಲ್ಲಿ ಒಬ್ಬರಿಗೆ ಇದು ಇರುತ್ತದೆ. ಬೇರೆ ಯಾವುದೋ ನೋವಿಗೆ ಸ್ಕ್ಯಾನ್ ಮಾಡಿಸದಿದ್ದರೆ ಹೆಚ್ಚಿನವರಿಗೆ ಗೊತ್ತೇ ಆಗುವುದಿಲ್ಲ. ನಿಮ್ಮ ಅಮ್ಮನ ಕತೆಯೂ ಹಾಗೇ ಕಾಣುತ್ತದೆ, ಕೂತಾಗ ಬಂದು ನಡೆದಾಗ ಹೋಗುವ ನೋವು ಬಹುಮಟ್ಟಿಗೆ ಸ್ನಾಯು ಅಥವಾ ಡಿಸ್ಕಿನದ್ದು, ಗಡ್ಡೆಯದ್ದಲ್ಲ.

ಆದರೂ ರಿಪೋರ್ಟನ್ನು ಇನ್ನೊಮ್ಮೆ ನೋಡಿ. ಗಡ್ಡೆ ಮೂಳೆ ದಾಟಿ ಹೊರಗೆ ಬಂದಿದೆಯಾ, ಬೆನ್ನುಹುರಿ ಅಥವಾ ನರವನ್ನು ಒತ್ತುತ್ತಿದೆಯಾ? ಎರಡೂ ಇಲ್ಲವೆಂದಾದರೆ ಆಪರೇಷನ್ ಮಾತೇ ಬೇಡ. ಒತ್ತುತ್ತಿದ್ದರೆ ಮಾತ್ರ ದಾರಿಗಳಿವೆ: ಮೂಳೆಗೆ ಸೂಜಿಯಿಂದ ಸಿಮೆಂಟ್ ತುಂಬುವುದು, ರೇಡಿಯೇಷನ್, ಇಲ್ಲವೇ ಸರ್ಜರಿ. ಸರ್ಜರಿಯಲ್ಲಿ ರಕ್ತ ಜಾಸ್ತಿ ಹೋಗುವ ಗಡ್ಡೆ ಇದು, ಅದಕ್ಕೇ ಕೆಲವೊಮ್ಮೆ ಮೊದಲೇ ಅದರ ರಕ್ತನಾಳ ಮುಚ್ಚುತ್ತಾರೆ.

ಎಲ್ಲ ಗಡ್ಡೆಗೂ ಇದೇ ಮಾತು ಅಂದುಕೊಳ್ಳಬೇಡಿ. ಹದಿಹರೆಯದ ಮಕ್ಕಳಿಗೆ ರಾತ್ರಿ ನಿದ್ದೆಗೆಡಿಸುವ ಬೆನ್ನುನೋವು, ನೋವಿನ ಮಾತ್ರೆ ನುಂಗಿದರೆ ಚೆನ್ನಾಗಿ ಇಳಿಯುತ್ತದೆ, ಬೆನ್ನು ಒಂದು ಕಡೆಗೆ ಬಾಗಿದೆ ಅಂದರೆ ಅದು ಆಸ್ಟಿಯಾಯ್ಡ್ ಆಸ್ಟಿಯೋಮಾ ಎಂಬ ಮೂಳೆಯ ಸಣ್ಣ ಗಡ್ಡೆ ಇರಬಹುದು. ಅದೂ ಕ್ಯಾನ್ಸರಲ್ಲ, ಆದರೆ ಸುಮ್ನೆ ಮಾತ್ರೆ ನುಂಗಿಸುತ್ತಾ ಕೂರಬಾರದು. ಸೂಜಿಯಿಂದ ಬಿಸಿ ಕೊಟ್ಟು ಸುಡುವ ಚಿಕಿತ್ಸೆ ಇದೆ. ಇನ್ನು ನರದ ಪೊರೆಯಿಂದ ಹುಟ್ಟುವ ಗಡ್ಡೆಗಳು ನಿಧಾನಕ್ಕೆ ಬೆಳೆಯುತ್ತವೆ, ತೊಂದರೆ ಕೊಡದಿದ್ದರೆ ಆಗಾಗ ಎಂಆರ್‌ಐ ಮಾಡಿಸಿ ನೋಡುತ್ತಿದ್ದರೆ ಸಾಕು.

ಅಮ್ಮನ ಕಾಲಿನ ಮೇಲೆ ಒಂದು ಕಣ್ಣಿಡಿ. ನಡೆಯುವಾಗ ಚಪ್ಪಲಿ ಕಳಚಿಹೋದದ್ದು ಗೊತ್ತಾಗದಿದ್ದರೆ, ಮೆಟ್ಟಿಲು ಹತ್ತುವಾಗ ಕಾಲು ಸೋತರೆ, ತೊಡೆಸಂದಿ ಮರಗಟ್ಟಿದರೆ, ಮೂತ್ರ ಕಟ್ಟಿದರೆ ಅಥವಾ ತಡೆಯಲಾಗದಿದ್ದರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ನಾಳೆ ಬೆಳಿಗ್ಗೆ ಬಸ್ಸು ಹತ್ತಿ ತಲಪಾಡಿ ಗಡಿ ದಾಟಿ ಮಂಗಳೂರಿಗೆ ಹೋಗೋಣ ಅಂತ ಕಾಯಬೇಡಿ, ಹತ್ತಿರದಲ್ಲಿ ಯಾವುದಿದೆಯೋ ಅಲ್ಲಿಗೇ. ಜ್ವರ, ಕಾರಣವಿಲ್ಲದೆ ತೂಕ ಇಳಿಯುವುದು, ಮಲಗಿದರೂ ಹೋಗದ ನೋವು ಇದ್ದರೂ ತೋರಿಸಿ.

ಸದ್ಯಕ್ಕೆ ಅಡಿಕೆ ಸುಲಿಯುವಾಗ ಬೆನ್ನಿಗೆ ಒರಗು ಇರಲಿ, ಕಾಲು ಗಂಟೆಗೊಮ್ಮೆ ಎಬ್ಬಿಸಿ. ಎಂಆರ್‌ಐ ಫಿಲ್ಮ್, ಸಿಡಿ ಎರಡನ್ನೂ ಎತ್ತಿಡಿ, ಮುಂದೆ ಎಂದಾದರೂ ಇನ್ನೊಂದು ಸ್ಕ್ಯಾನ್ ಆದರೆ ಹೋಲಿಸಿ ನೋಡಲು ಅದು ಬೇಕೇ ಬೇಕು.