ಹಳೆಯ ಸಹಪಾಠಿಗಳು, ಹೊಸ ಪಾಲುದಾರರು

ಮಾನ್ಯರೇ,

ಹೆಸರು ಪ್ರಕಟಿಸಬಾರದೆಂಬ ಕೋರಿಕೆಯೊಡನೆ ನೀವು ಬರೆದ ಪತ್ರ ತಲುಪಿದೆ. ಇತರ ಓದುಗರಿಗಾಗಿ ಅದರ ಸಾರವನ್ನು ಇಲ್ಲಿ ಕೊಡುತ್ತೇನೆ. 62ರ ವಯಸ್ಸಿನ ನೀವು ಭೌತವಿಜ್ಞಾನದ ಅಧ್ಯಾಪಕ ವೃತ್ತಿಯಿಂದ ನಿವೃತ್ತರಾಗಿದ್ದೀರಿ. ಕಾಲೇಜಿನಲ್ಲಿ ಜೊತೆಗೆ ಓದಿದವರನ್ನು ವಾಟ್ಸ್‌ಆ್ಯಪ್ ಗುಂಪೊಂದು ನಾಲ್ಕು ದಶಕಗಳ ನಂತರ ಮತ್ತೆ ಒಂದುಗೂಡಿಸಿದೆ. ಅವರಲ್ಲಿ ನೀವು ಐವರು ಸೇರಿ, ಶಾಲೆಗಳಿಗೆ ವಿಜ್ಞಾನದ ಪ್ರಯೋಗ ಸಾಮಗ್ರಿ ತಯಾರಿಸಿಕೊಡುವ ಸಣ್ಣ ಉದ್ಯಮವನ್ನು ಆರಂಭಿಸುವ ಆಲೋಚನೆಯಲ್ಲಿದ್ದೀರಿ. ಈ ವಯಸ್ಸಿನಲ್ಲಿ ಇದು ಸಲ್ಲದ ಸಾಹಸವೇ, ಹಣದ ವ್ಯವಹಾರ ನಡುವೆ ಬಂದ ಮೇಲೆ ಸ್ನೇಹ ಉಳಿದೀತೇ, ಹಣ ಹೂಡಲಾಗದೆ ಹಿಂದೆ ಸರಿದು ಈಗ ಗುಂಪಿನಲ್ಲಿ ಮಾತನ್ನೇ ನಿಲ್ಲಿಸಿರುವ ಹಾಸ್ಟೆಲ್ ದಿನಗಳ ಗೆಳತಿಯೊಡನೆ ಹೇಗೆ ನಡೆದುಕೊಳ್ಳಬೇಕು ಎಂದು ಕೇಳಿದ್ದೀರಿ.

ಮೊದಲ ಪ್ರಶ್ನೆಗೆ ಹೆಚ್ಚು ಮಾತು ಬೇಕಿಲ್ಲ. ಪಿಯರ್ ಅಜೂಲೆ, ಬೆಂಜಮಿನ್ ಜೋನ್ಸ್ ಮತ್ತು ಅವರ ಸಂಗಡಿಗರು ಅಮೆರಿಕದ ಸರ್ಕಾರಿ ದಾಖಲೆಗಳನ್ನು ಆಧರಿಸಿ 2020ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಅತ್ಯಂತ ವೇಗವಾಗಿ ಬೆಳೆದ, ಸಾವಿರಕ್ಕೊಂದು ಎನ್ನಬಹುದಾದ ಹೊಸ ಕಂಪನಿಗಳನ್ನು ಸ್ಥಾಪಿಸಿದವರ ಸರಾಸರಿ ವಯಸ್ಸು ಆರಂಭದ ಹೊತ್ತಿಗೆ 45 ಆಗಿತ್ತು. ಉದ್ಯಮ ಕಟ್ಟುವುದು ಇಪ್ಪತ್ತರ ಹರೆಯದವರಿಗೆ ಮೀಸಲೆಂಬ ನಂಬಿಕೆಯನ್ನು ಇದು ಅಲುಗಿಸುತ್ತದೆ, ನಿಜ. ಆದರೆ 45 ಎಂದರೆ 62 ಅಲ್ಲವಾದ್ದರಿಂದ ಈ ಅಂಕಿಯನ್ನು ತೋರಿಸಿ ನಿಮ್ಮನ್ನು ಹುರಿದುಂಬಿಸಲಾರೆ. ಅದೇ ಅಧ್ಯಯನದ ಇನ್ನೊಂದು ಮಾತು ನಿಮಗೆ ಹೆಚ್ಚು ಉಪಯುಕ್ತ: ಆರಂಭಿಸುತ್ತಿರುವ ಉದ್ಯಮದ ಕ್ಷೇತ್ರದಲ್ಲೇ ಮೊದಲು ದುಡಿದ ಅನುಭವವಿದ್ದವರು ಗೆಲ್ಲುವ ಸಾಧ್ಯತೆ ಗಣನೀಯವಾಗಿ ಹೆಚ್ಚು. ತರಗತಿಯಲ್ಲಿ ಯಾವ ಉಪಕರಣ ಮೊದಲು ಕೆಡುತ್ತದೆ, ಮಕ್ಕಳು ಯಾವುದನ್ನು ಮತ್ತೆ ಮತ್ತೆ ಮುಟ್ಟಿ ನೋಡುತ್ತಾರೆ ಎಂಬುದು ನಿಮಗೆ ಗೊತ್ತು. ವಸ್ತುವೊಂದನ್ನು ತಯಾರಿಸಿ, ಮಾರಿ, ಬಾಕಿ ವಸೂಲಿ ಮಾಡಿದ ಅನುಭವ ಐವರಲ್ಲಿ ಒಬ್ಬರಿಗಾದರೂ ಉಂಟೇ? ಪತ್ರದಲ್ಲಿ ಅದರ ಉಲ್ಲೇಖವಿಲ್ಲ. ಯಾರಿಗೂ ಇಲ್ಲವಾದರೆ, ವಯಸ್ಸಿಗಿಂತ ಆ ಕೊರತೆಯ ಬಗೆಗೇ ಚಿಂತಿಸಿ.

ಎರಡನೆಯ ಪ್ರಶ್ನೆ ಗಹನವಾದದ್ದು. ಬಹುಕಾಲ ಸಂಪರ್ಕ ತಪ್ಪಿದ್ದ ಪರಿಚಯಗಳ ಬಗ್ಗೆ ಡೇನಿಯಲ್ ಲೆವಿನ್, ಹೋರ್ಹೆ ವಾಲ್ಟರ್ ಮತ್ತು ಕೀತ್ ಮರ್ನಿಗನ್ 2011ರಲ್ಲಿ ಪ್ರಕಟಿಸಿದ ಸಂಶೋಧನೆಯೊಂದಿದೆ. ಕನಿಷ್ಠ ಮೂರು ವರ್ಷ ಮಾತುಕತೆಯಿಲ್ಲದಿದ್ದ ಹಳೆಯ ಪರಿಚಿತರನ್ನು ಹುಡುಕಿ, ಈಗಿನ ಕೆಲಸದ ಬಗ್ಗೆ ಸಲಹೆ ಕೇಳುವಂತೆ ಅವರು ಕಂಪನಿಗಳ ಅಧಿಕಾರಿಗಳಿಗೆ ಸೂಚಿಸಿದರು. ದಿನವೂ ಭೇಟಿಯಾಗುವವರಿಂದ ಸಿಗದ ಹೊಸ ವಿಚಾರಗಳು ಈ ಹಳಬರಿಂದ ದೊರೆತವು. ಜೊತೆಗೆ, ಅಪರಿಚಿತರೊಡನೆ ಬೆಳೆಸಲು ವರ್ಷಗಳೇ ಹಿಡಿಯುವ ವಿಶ್ವಾಸ ಅವರೊಂದಿಗೆ ಮೊದಲೇ ಇತ್ತು. ದೂರದ ಪರಿಚಯಗಳಿಂದಲೇ ಹೊಸ ಮಾಹಿತಿ ಹರಿದುಬರುತ್ತದೆಂದು ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ 1973ರಲ್ಲೇ ವಾದಿಸಿದ್ದರು. ಸಹಪಾಠಿಗಳ ವಿಶೇಷವೆಂದರೆ ಅವರು ದೂರದವರೂ ಹೌದು, ಹತ್ತಿರದವರೂ ಹೌದು. ಒಬ್ಬರು ಬ್ಯಾಂಕಿನಲ್ಲಿ, ಇನ್ನೊಬ್ಬರು ಕಾರ್ಖಾನೆಯಲ್ಲಿ, ನೀವು ತರಗತಿಯಲ್ಲಿ ಕಳೆದ ವರ್ಷಗಳು ಬೇರೆಬೇರೆಯಾಗಿದ್ದುದರಿಂದಲೇ ಈಗ ಒಬ್ಬರಿಗೊಬ್ಬರು ಕೊಡುವುದಕ್ಕೆ ಏನಾದರೂ ಉಳಿದಿದೆ.

ಅಪಾಯವಿರುವುದೂ ಆ ವರ್ಷಗಳಲ್ಲೇ. ಇಪ್ಪತ್ತು ವರ್ಷದ ತರುಣನಾಗಿ ನಿಮ್ಮ ಸಹಪಾಠಿ ಹೇಗಿದ್ದನೆಂಬುದು ನಿಮಗೆ ಚೆನ್ನಾಗಿ ಗೊತ್ತು. ಆದರೆ ಆಮೇಲೆ ಅವನು ಸಾಲವನ್ನು ಹೇಗೆ ತೀರಿಸಿದ, ಕೈಕೆಳಗಿನವರನ್ನು ಹೇಗೆ ನಡೆಸಿಕೊಂಡ, ಸೋತಾಗ ಯಾರ ಮೇಲೆ ತಪ್ಪು ಹೊರಿಸಿದ ಎಂಬುದನ್ನು ಕಂಡವರು ಬೇರೆಯವರು. ಪರೀಕ್ಷೆಯ ಹಿಂದಿನ ರಾತ್ರಿ ತನ್ನ ಟಿಪ್ಪಣಿಗಳನ್ನು ಕೊಟ್ಟವನು ಲೆಕ್ಕಪತ್ರವನ್ನೂ ಅಷ್ಟೇ ಮುಕ್ತವಾಗಿ ತೋರಿಸುತ್ತಾನೆಂದು ನಂಬುವುದಕ್ಕೆ ಆಧಾರವಿಲ್ಲ. ಉದ್ಯಮ ಸ್ಥಾಪಕರ ತಂಡಗಳನ್ನು ಬಹುಕಾಲ ಅಧ್ಯಯನ ಮಾಡಿದ ನೋಮ್ ವಾಸರ್ಮನ್, ಒಟ್ಟಿಗೆ ಕೆಲಸ ಮಾಡಿದವರು ಕಟ್ಟಿದ ತಂಡಗಳಿಗಿಂತ ಕೇವಲ ಸ್ನೇಹಿತರು ಕಟ್ಟಿದ ತಂಡಗಳು ಬೇಗ ಒಡೆಯುತ್ತವೆಂದು ಕಂಡುಕೊಂಡರು. ಸ್ನೇಹಿತರು ಕಷ್ಟದ ಮಾತುಗಳನ್ನು ಮುಂದೂಡುತ್ತಾರೆ. ಯಾರಿಗೂ ನೋವಾಗಬಾರದೆಂದು ಮೊದಲ ವಾರವೇ ಎಲ್ಲರಿಗೂ ಸಮಪಾಲು ಎಂದು ತೀರ್ಮಾನಿಸಿಬಿಡುತ್ತಾರೆ. ನಿಮ್ಮ ಪತ್ರದಲ್ಲಿಯೂ ‘ಪಾಲಿನ ವಿಷಯದಲ್ಲಿ ನಮ್ಮಲ್ಲಿ ಚರ್ಚೆಯೇ ಆಗಲಿಲ್ಲ, ಅಷ್ಟು ಒಮ್ಮತವಿತ್ತು’ ಎಂಬ ವಾಕ್ಯವಿದೆ. ನನ್ನನ್ನು ಹೆಚ್ಚು ಕಳವಳಕ್ಕೀಡುಮಾಡಿದ್ದು ಇದೇ.

ಆದ್ದರಿಂದ ಇವರನ್ನು ಹಳೆಯ ಸಲುಗೆಯುಳ್ಳ ಹೊಸ ಪರಿಚಿತರೆಂದು ತಿಳಿದು, ಹೊಸಬರೊಡನೆ ಏನೇನನ್ನು ಬರೆದಿಟ್ಟುಕೊಳ್ಳುತ್ತಿದ್ದಿರೋ ಅದೆಲ್ಲವನ್ನೂ ಬರೆದಿಟ್ಟುಕೊಳ್ಳಿ. ಯಾರು ಎಷ್ಟು ಹಣ ಹಾಕುತ್ತಾರೆ, ವಾರಕ್ಕೆ ಎಷ್ಟು ಹೊತ್ತು ದುಡಿಯುತ್ತಾರೆ, ಹಣ ಹೆಚ್ಚು ಹಾಕಿದವರಿಗೂ ಸಮಯ ಹೆಚ್ಚು ಕೊಟ್ಟವರಿಗೂ ಲಾಭ ಹೇಗೆ ಹಂಚಿಕೆಯಾಗಬೇಕು, ಚೆಕ್ಕಿಗೆ ಯಾರ ಯಾರ ಸಹಿ ಬೇಕು ಎಂಬುದೆಲ್ಲ ಯಾವ ಪಾಲುದಾರಿಕೆಯಲ್ಲೂ ಇರುವಂಥದ್ದೇ. ನಿಮ್ಮ ವಯಸ್ಸಿಗೆ ವಿಶೇಷವಾಗಿ ಸಲ್ಲುವ ಅಂಶವೊಂದಿದೆ. ಅರವತ್ತು ದಾಟಿದ ಐವರಲ್ಲಿ ಒಬ್ಬರು ಮುಂದಿನ ಹತ್ತು ವರ್ಷಗಳಲ್ಲಿ ಕಾಯಿಲೆ ಬೀಳುವುದು, ಮಕ್ಕಳಿರುವ ಊರಿಗೆ ಹೋಗಿ ನೆಲೆಸುವುದು ಅಥವಾ ತೀರಿಕೊಳ್ಳುವುದು ಅಸಂಭವವೇನಲ್ಲ. ಆಗ ಅವರ ಪಾಲಿಗೆ ಯಾರು, ಯಾವ ಲೆಕ್ಕದಲ್ಲಿ ಬೆಲೆ ಕಟ್ಟುತ್ತಾರೆ, ಎಷ್ಟು ಕಂತುಗಳಲ್ಲಿ ಹಿಂದಿರುಗಿಸುತ್ತಾರೆ, ವಾರಸುದಾರರು ಪಾಲುದಾರರಾಗಬಹುದೇ ಎಂಬುದನ್ನು ಎಲ್ಲರೂ ಆರೋಗ್ಯವಾಗಿರುವಾಗಲೇ ನಿರ್ಧರಿಸಬೇಕು. ಈ ಕರಾರನ್ನು ಐವರ ಮನೆಯವರೂ ಓದಿರುವುದು ಒಳ್ಳೆಯದು. ಜಗಳ ಅನೇಕ ವೇಳೆ ಹುಟ್ಟುವುದು ಪಾಲುದಾರರ ನಡುವೆಯಲ್ಲ, ಏನೂ ತಿಳಿಯದೆ ದಾಖಲೆಗಳನ್ನು ತೆರೆದು ನೋಡುವ ಅವರ ಮಕ್ಕಳ ನಡುವೆ.

ಇನ್ನೊಂದು ಎಚ್ಚರಿಕೆ. ಸಾಮಾನ್ಯ ಪಾಲುದಾರಿಕೆಯಲ್ಲಿ ಉದ್ಯಮದ ಸಾಲಕ್ಕೆ ಪಾಲುದಾರರ ಸ್ವಂತ ಆಸ್ತಿಯೂ ಹೊಣೆಯಾಗುತ್ತದೆ, ಒಬ್ಬರು ಮಾಡಿದ ಒಪ್ಪಂದ ಉಳಿದವರನ್ನೂ ಬಂಧಿಸುತ್ತದೆ. ಸೀಮಿತ ಹೊಣೆಗಾರಿಕೆಯ ಸ್ವರೂಪದಲ್ಲಿ ನೋಂದಾಯಿಸಿದರೆ ನಷ್ಟ ಸಾಮಾನ್ಯವಾಗಿ ಹೂಡಿದ ಹಣಕ್ಕೆ ನಿಲ್ಲುತ್ತದೆಯಾದರೂ, ಯಾರಾದರೂ ವೈಯಕ್ತಿಕ ಜಾಮೀನಿಗೆ ಸಹಿ ಹಾಕಿದರೆ ಅವರಿಗೆ ಆ ರಕ್ಷಣೆ ಉಳಿಯುವುದಿಲ್ಲ. ನಷ್ಟವನ್ನು ದುಡಿದು ತುಂಬಿಕೊಳ್ಳಲು ಮೂವತ್ತರ ವಯಸ್ಸಿನವರಿಗೆ ಕಾಲವಿದೆ, ನಿಮಗೆ ಅಷ್ಟಿಲ್ಲ. ಪೂರ್ತಿ ಕಳೆದುಹೋದರೂ ನಿತ್ಯದ ಜೀವನ ಬದಲಾಗದಷ್ಟು ಮೊತ್ತವನ್ನು ಮಾತ್ರ ಹೂಡಿ, ಎಷ್ಟು ನಷ್ಟವಾದರೆ ನಿಲ್ಲಿಸಬೇಕೆಂಬ ಮಿತಿಯನ್ನು ಮೊದಲೇ ಗೊತ್ತುಮಾಡಿ, ವೈಯಕ್ತಿಕ ಜಾಮೀನಿಗೆ ಯಾರೂ ಒಪ್ಪಬೇಡಿ.

ನೀವು ಪಣಕ್ಕಿಡುತ್ತಿರುವುದು ಹಣವನ್ನಷ್ಟೇ ಅಲ್ಲ. ವಯಸ್ಸಾದಂತೆ ಜನರು ತಮ್ಮ ಬಳಗವನ್ನು ತಾವಾಗಿಯೇ ಕಿರಿದುಗೊಳಿಸಿಕೊಂಡು, ಮನಸ್ಸಿಗೆ ಹತ್ತಿರವಾದ ಕೆಲವರನ್ನು ಮಾತ್ರ ಉಳಿಸಿಕೊಳ್ಳುತ್ತಾರೆಂಬುದನ್ನು ಮನಶ್ಶಾಸ್ತ್ರಜ್ಞೆ ಲಾರಾ ಕಾರ್‌ಸ್ಟೆನ್‌ಸನ್ ವಿವರಿಸಿದ್ದಾರೆ. ನಿಮ್ಮ ತರಗತಿಯ ಗುಂಪು ಅಂಥ ಬಳಗ. ಉದ್ಯಮಕ್ಕೆ ಪ್ರತ್ಯೇಕ ಗುಂಪನ್ನು ಮಾಡಿಕೊಂಡು, ಹಳೆಯ ಗುಂಪಿನಲ್ಲಿ ಅದರ ಪ್ರಸ್ತಾಪವನ್ನೇ ನಿಲ್ಲಿಸಿ. ಹಣ ಹೂಡಿದ ಐವರ ಉತ್ಸಾಹ ಉಳಿದವರ ಪಾಲಿಗೆ ತಮ್ಮನ್ನು ಹೊರಗಿಟ್ಟ ಮಾತಾಗಿ ಕೇಳಿಸುತ್ತದೆ. ಹಾಗೆಯೇ, ಒಟ್ಟಾಗಿ ಮಾಡುವ ಹೊಸ ಕೆಲಸಕ್ಕೆ ಬಂಡವಾಳ ಬೇಕೇಬೇಕೆಂದೂ ಇಲ್ಲ. 1973ರಲ್ಲಿ ಫ್ರಾನ್ಸಿನ ಟುಲೂಸ್ ನಗರದಲ್ಲಿ ಹಿರಿಯರ ಕಲಿಕೆಗಾಗಿ ‘ಮೂರನೇ ವಯಸ್ಸಿನ ವಿಶ್ವವಿದ್ಯಾಲಯ’ ಆರಂಭವಾಯಿತು; 1980ರ ದಶಕದಲ್ಲಿ ಅದು ಬ್ರಿಟನ್ನಿಗೆ ಬಂದಾಗ, ಪರೀಕ್ಷೆಯೂ ಪದವಿಯೂ ಇಲ್ಲದೆ ಸದಸ್ಯರೇ ಸದಸ್ಯರಿಗೆ ಕಲಿಸುವ ಪದ್ಧತಿಯಾಗಿ ಬೆಳೆಯಿತು. ನಿಮ್ಮ ತರಗತಿಯವರೆಲ್ಲ ಪಾಲ್ಗೊಳ್ಳಬಹುದಾದ ಅಂಥದ್ದೊಂದು ಚಟುವಟಿಕೆ, ಉದ್ಯಮದ ಪಕ್ಕದಲ್ಲೇ ನಡೆಯಬಲ್ಲದು.

ಇನ್ನು ನಿಮ್ಮ ಗೆಳತಿಯ ವಿಷಯ. ಅವರ ಪಾಲಿನ ಹಣವನ್ನು ನೀವೇ ಕಟ್ಟುವುದಾಗಿ ಹೇಳಬೇಡಿ, ಅದು ಅವರಿಗೆ ತೀರಿಸಲಾಗದ ಋಣವಾಗುತ್ತದೆ. ಗೌರವ ಸಲಹೆಗಾರರೆಂಬ ಹುದ್ದೆಯನ್ನು ಸೃಷ್ಟಿಸಿ ಕೊಡಲೂಬೇಡಿ. ಕೆಲಸವಿಲ್ಲದ ಹುದ್ದೆ ಯಾಕೆ ಬಂತೆಂದು ಯಾರಿಗಾದರೂ ತಿಳಿಯುತ್ತದೆ. ಅವರು ಇಪ್ಪತ್ತು ವರ್ಷ ಪಠ್ಯಗಳನ್ನು ತಿದ್ದಿದವರೆಂದು ಬರೆದಿದ್ದೀರಿ. ಪ್ರಯೋಗಗಳ ಕೈಪಿಡಿ ನಿಮಗೆ ನಿಜವಾಗಿಯೂ ಬೇಕಾಗುತ್ತದೆಯಾದ್ದರಿಂದ, ಹೊರಗಿನವರಿಗೆ ಕೊಡುವಷ್ಟೇ ಸಂಭಾವನೆಗೆ ಅವರನ್ನು ಕೇಳಬಹುದು, ಅವರು ಒಲ್ಲೆನೆಂದರೆ ಒತ್ತಾಯಿಸದೆ ಬಿಡಬಹುದು. ಆದರೆ ಮೊದಲ ಕರೆಯಲ್ಲಿ ಅದನ್ನೂ ಎತ್ತಬೇಡಿ. ಗುಂಪಿನಲ್ಲಿ ಸಂದೇಶ ಹಾಕದೆ ನೇರವಾಗಿ ಫೋನ್ ಮಾಡಿ, ಉದ್ಯಮದ ಮಾತಿಲ್ಲದೆ ಅವರ ಕ್ಷೇಮವನ್ನಷ್ಟೇ ವಿಚಾರಿಸಿ. ಕರಾರಿಗೆ ಸಹಿ ಬೀಳುವ ಮೊದಲೇ ಈ ಕರೆಯನ್ನು ಮಾಡಿ. ಸಹಿಯಾದ ಮೇಲೆ ಮಾಡಿದರೆ ಅದು ಅವರಿಗೆ ಸಮಾಧಾನ ಹೇಳಲು ಮಾಡಿದ ಕರೆಯಾಗಿಯೇ ಕೇಳಿಸುತ್ತದೆ.

— ಸಂಪಾದಕ